ನಮ್ಮ ಹುಡುಗಿಗೆ ಏನೂ ಬರೋದಿಲ್ಲ

ನನ್ನ ಗಂಡ ಚಂದ್ರಮೌಳಿ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರನ್ನು ಬೈಯುವುದು ಬೇಕಾದಷ್ಟಿದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಮನುಷ್ಯ. ಬಸ್ಸಿನಲ್ಲಿ ಯಾರಾದರೂ ಇವರ ಕಾಲು ತುಳಿದರೆ ಇವರೇ ಸಾರಿ ಕೇಳುವ ಜಾತಿ. ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು, ಪಾಪಟೋಟೊಯಿಯಲ್ಲಿ ಮನೆ ಮಾಡಿ, ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ಸೂಪರ್‌ವೈಸರ್ ಆದಮೇಲೂ ಆ ಗುಣ ಹಾಗೇ ಉಳಿಯಿತು. ನನಗೂ ಏರ್‌ಪೋರ್ಟಿನ ಪಕ್ಕದಲ್ಲೇ ಕೆಲಸ, ವಿಮಾನದ ಊಟದ ಟ್ರೇ ಜೋಡಿಸುವ ಕಿಚನ್ನಿನಲ್ಲಿ. ಬಾಯಿ ವಿಷಯದಲ್ಲಿ ಮಾತ್ರ ನಾನು ಅವರ ಹಾಗಲ್ಲ. ವಸಂತಾ ಅಂದರೆ ಜೋರು ಅಂತ ಆಕ್ಲೆಂಡಿನ ಕನ್ನಡದವರಿಗೆಲ್ಲ ಗೊತ್ತು.

ನಮಗೆ ಒಬ್ಬಳೇ ಮಗಳು, ಪೂರ್ವಿ. ನಾವು ಬಂದಾಗ ಸೊಂಟದ ಮೇಲಿದ್ದ ಕೂಸು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಭರತನಾಟ್ಯಕ್ಕೆ ಸೇರಿಸಿದೆ, ನಿಲ್ಲಲಿಲ್ಲ. ವೀಣೆಗೆ ಸೇರಿಸಿದೆ, ಅಲ್ಲೂ ನಿಲ್ಲಲಿಲ್ಲ. ಸ್ಕೂಲಿನಲ್ಲಿ ಯಾರೋ ಬಾಸ್ಕೆಟ್‌ಬಾಲ್ ಕೈಗೆ ಕೊಟ್ಟರು ನೋಡಿ, ಅದನ್ನು ಹಿಡಿದವಳು ಬಿಡಲೇ ಇಲ್ಲ. ಎತ್ತರ ಇಲ್ಲ, ನಮ್ಮ ಎರಡೂ ಕಡೆ ಎತ್ತರದವರು ಯಾರೂ ಇಲ್ಲ. ಅವಳ ಟೀಮಿನಲ್ಲಿದ್ದ ಸಮೋವಾ, ಟೋಂಗಾ ಹುಡುಗಿಯರ ಪಕ್ಕದಲ್ಲಿ ನಿಂತರೆ ಇವಳು ಅವರ ತಂಗಿಯ ಹಾಗೆ ಕಾಣುತ್ತಿದ್ದಳು. ಆದರೆ ಎತ್ತರದವರ ಸಂದಿಯಲ್ಲಿ ನುಸುಳಿ, ಕಣ್ಣು ಒಂದು ಕಡೆ ಇಟ್ಟು, ಬಾಲನ್ನು ಇನ್ನೊಂದು ಕಡೆ ಕಳಿಸಿಬಿಡುತ್ತಿದ್ದಳು. ನನಗೆ ಆಟದ ತಲೆಬುಡ ಗೊತ್ತಿಲ್ಲ. ಆದರೂ ಬೆಂಚಿನ ಮೇಲೆ ಕೂತು ಕೂಗಿ ಕೂಗಿ ಗಂಟಲು ಕೂರಿಸಿಕೊಂಡು ಬರುತ್ತಿದ್ದೆ.

ಇವರು ಕೂಗುತ್ತಿರಲಿಲ್ಲ. ಕೈಕಟ್ಟಿ ನಿಲ್ಲುತ್ತಿದ್ದರು. ಗೆದ್ದು ಬಂದ ಮಗಳಿಗೆ ಇವರು ಹೇಳುತ್ತಿದ್ದುದು, "ಏನೋ ಪರವಾಗಿಲ್ಲ. ಆ ಕೊನೇದು ಯಾಕೆ ಮಿಸ್ ಮಾಡ್ದೆ, ಕತ್ತೆ?" ಅವಳು ನಕ್ಕು, ಬೆವರಿನ ಟವೆಲನ್ನು ಇವರ ಮುಖಕ್ಕೆ ಎಸೆಯುತ್ತಿದ್ದಳು.

ನಮ್ಮವರ ಪದ್ಧತಿ ನಿಮಗೆ ಗೊತ್ತೇ ಇದೆ. ಹೆತ್ತ ಮಕ್ಕಳನ್ನು ಹೊರಗಿನವರ ಮುಂದೆ ಹೊಗಳಬಾರದು. ಒಂದು, ದೃಷ್ಟಿಯಾಗುತ್ತದೆ. ಇನ್ನೊಂದು, ಜಂಬ ಅಂದುಕೊಳ್ಳುತ್ತಾರೆ. ಮೌಂಟ್ ರಾಸ್ಕಿಲ್ಲಿನ ಕಮ್ಯುನಿಟಿ ಹಾಲ್‌ನಲ್ಲಿ ಯುಗಾದಿ ಊಟಕ್ಕೆ ಸೇರಿದಾಗ ನಮ್ಮ ಪರಿಚಯದ ಚಿದಾನಂದ ಎಲೆ ಮುಂದೆ ಕೂತು, "ನಮ್ಮ ಮನೋಜ ಶುದ್ಧ ದಂಡಪಿಂಡ ಕಣ್ರೀ, ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ" ಅಂದರೆ, ಮನೋಜನಿಗೆ ಮೆಡಿಕಲ್ ಸೀಟು ಸಿಕ್ಕಿದೆ ಅಂತ ನಾವು ತಿಳಿದುಕೊಳ್ಳಬೇಕು. ಆಗ ಎದುರಿಗಿದ್ದವರು, "ಛೆ ಛೆ, ಬಿಡ್ತು ಅನ್ನಿ, ಬಂಗಾರದಂಥ ಹುಡುಗ" ಅನ್ನಬೇಕು. ಅವರು ಮತ್ತೆ "ಇಲ್ಲಾರೀ" ಅನ್ನಬೇಕು. ಹೀಗೆ ಎರಡು ಮೂರು ಸುತ್ತು ಆದಮೇಲೆ ವಿಷಯ ಹೊರಗೆ ಬರುತ್ತದೆ, ಎಲ್ಲರೂ ಪಾಯಸ ಬಡಿಸಿಕೊಳ್ಳುತ್ತಾರೆ. ಈ ಕಲೆಯಲ್ಲಿ ನನ್ನ ಗಂಡನನ್ನು ಮೀರಿಸಿದವರು ಇಲ್ಲಿ ಯಾರೂ ಇಲ್ಲ. "ನಮ್ಮ ಹುಡುಗಿಗೆ ಏನೂ ಬರೋದಿಲ್ಲ" ಎಂದು ಅವರು ಹೇಳುವಾಗ ಮುಖ ಅರಳಿರುತ್ತಿತ್ತು.

೨೦೦೬ರಲ್ಲಿ, ಪೂರ್ವಿಯ ಸ್ಕೂಲಿನ ಕೊನೆಯ ವರ್ಷ, ದೇಶದ ಸ್ಕೂಲುಗಳೆಲ್ಲ ಸೇರುವ ಟೂರ್ನಮೆಂಟಿಗೆ ಅಮೆರಿಕದಿಂದ ಒಬ್ಬರು ಕೋಚ್ ಬಂದಿದ್ದರು. ಲಿಂಡಾ ಕಾರ್ವರ್ ಅಂತ, ಕ್ಯಾನ್ಸಸ್ ಕಡೆಯ ಹೆಂಗಸು. ಅಲ್ಲಿ ಎರಡು ವರ್ಷದ ಕಾಲೇಜುಗಳಿವೆ, ಅವಕ್ಕೆ ಜೂನಿಯರ್ ಕಾಲೇಜು ಅನ್ನುತ್ತಾರೆ. ನಮ್ಮ ಪಿಯುಸಿ ಅಲ್ಲ, ಅದಾದ ಮೇಲಿನದು. ಎರಡು ವರ್ಷ ಓದುತ್ತಾ ಕಾಲೇಜಿನ ಟೀಮಿಗೆ ಆಡಬೇಕು. ಚೆನ್ನಾಗಿ ಆಡಿದರೆ ಮುಂದಿನ ಎರಡು ವರ್ಷಕ್ಕೆ ದೊಡ್ಡ ಯೂನಿವರ್ಸಿಟಿಯವರು ಕರೆದುಕೊಳ್ಳುತ್ತಾರೆ. ಫೀಸು, ರೂಮು, ಊಟ ಎಲ್ಲ ಅವರದೇ. ಆಕೆ ನೋಡಲು ಬಂದಿದ್ದು ಬೇರೆ ಯಾರೋ ಎತ್ತರದ ಹುಡುಗಿಯನ್ನು. ಕಣ್ಣಿಗೆ ಬಿದ್ದದ್ದು ನಮ್ಮ ಪೂರ್ವಿ.

ಪೂರ್ವಿಯ ಸ್ಕೂಲ್ ಕೋಚ್ ಹೇನಿ ಅಂತ, ಇಲ್ಲಿನ ಮೂಲನಿವಾಸಿ ಮಾವೊರಿ ಹೆಂಗಸು, ನೇರ ಮಾತಿನವಳು. ಅವಳೇ ಫೋನ್ ಮಾಡಿ, ಕಾರ್ವರ್‌ಗೆ ನಿಮ್ಮ ಮಗಳು ಬೇಕಂತೆ, ಆದರೆ ಮೊದಲು ನಿಮ್ಮ ಮನೆಗೆ ಬಂದು ಅಪ್ಪ ಅಮ್ಮನ ಹತ್ತಿರ ಮಾತಾಡುತ್ತಾರೆ, ಅದು ಅವರ ಕ್ರಮ ಅಂದಳು. ಪೂರ್ವಿ ಅಡಿಗೆಮನೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡಳು. ಇಂಗ್ಲಿಷಿನಲ್ಲಿ ಗಡಗಡ ಅಂತ ಏನೇನೋ ಹೇಳಿದಳು. ಕೊನೆಗೆ, "ಅಮ್ಮ, ಇದೊಂದ್ ಸಿಕ್ರೆ ಸಾಕು, ನಂಗಿನ್ನೇನೂ ಬೇಡ" ಎಂದಳು. ಅದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು.

"ಹೆಣ್ಣು ನೋಡೋಕೆ ಬಂದ ಹಾಗಿದೆಯಲ್ಲೇ" ಎಂದು ಇವರು ನಕ್ಕರು. ಅಯ್ಯೋ, ಹೆಣ್ಣು ನೋಡಲೇ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು! ಆಗ, ಕೇಸರಿಭಾತು ಅವಳೇ ಮಾಡಿದ್ದು ಅಂತ ಸುಳ್ಳಾದರೂ ಹೇಳುತ್ತಿದ್ದರು. ಅದೂ ನಮ್ಮ ಪದ್ಧತಿಯೇ.

ಅವರು ಬರುವ ದಿನ ಮನೆಯನ್ನೆಲ್ಲ ಪೂರ್ವಿಯೇ ಗುಡಿಸಿ ಒರೆಸಿದಳು. ಸ್ಕೂಲ್ ಬ್ಲೇಜರ್ ಇಸ್ತ್ರಿ ಮಾಡಿ ಹಾಕಿಕೊಂಡಳು. ಕಾರ್ವರ್ ಎತ್ತರದ ಆಳು, ಬಾಗಿಲಲ್ಲೇ ಶೂ ಬಿಚ್ಚಿದರು, ಹೇನಿ ಹೇಳಿಕೊಟ್ಟಿರಬೇಕು. ಚಕ್ಕುಲಿ ಮುರಿದು ತಿಂದು, ಚೆನ್ನಾಗಿದೆ ಅಂದರು. ಕೇಸರಿಭಾತು ಎರಡನೇ ಸಲ ಬಡಿಸಹೋದರೆ ಸಾಕು ಅಂದರು. ಸಾಕು ಅಂದವರಿಗೆ ಬಡಿಸದೆ ಬಿಡುವುದು ಹೇಗೆ, ಹಾಕಿಯೇ ಹಾಕಿದೆ. ಅವರು ಅದನ್ನು ಮುಟ್ಟಲಿಲ್ಲ. ಸಾಕು ಅಂದರೆ ಸಾಕು ಅಂತಲೇ ಅರ್ಥ ಇದ್ದ ಮನುಷ್ಯರು ಅವರು. ನನಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಕಾಫಿ ಲೋಟ ಕೆಳಗಿಟ್ಟು ಅವರು ಇವರ ಕಡೆ ತಿರುಗಿದರು. "ನಿಮ್ಮ ಮಗಳ ಬಗ್ಗೆ ನೀವೇ ಹೇಳಿ. ಮನೆಯಲ್ಲಿ ಹೇಗಿರುತ್ತಾಳೆ?"

ಇವರ ಮುಖ ಅರಳಿತು. ಯುಗಾದಿ ಊಟದಲ್ಲಿ ಅರಳುವ ಅದೇ ಮುಖ.

"ವಾಟ್ ಟು ಟೆಲ್, ಮೇಡಂ" ಎಂದು ಶುರು ಮಾಡಿದರು, ತಮ್ಮ ಶುದ್ಧವಾದ ಆಫೀಸ್ ಇಂಗ್ಲಿಷಿನಲ್ಲಿ. ಮಹಾ ಸೋಮಾರಿ, ಮೇಡಂ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ರೂಮು ನೋಡಿದರೆ ಕಸದ ತೊಟ್ಟಿ. ಒಂದು ಮಾತು ಹೇಳಿದರೆ ಕೇಳುವುದಿಲ್ಲ. ಏನೋ ಹೊತ್ತು ಹೋಗಲಿ ಅಂತ ಆಡುತ್ತಾಳೆ, ಅಷ್ಟೆ. ಸ್ವಲ್ಪ ನೋವಾದರೆ ಅಳುತ್ತಾ ಕೂತುಬಿಡುತ್ತಾಳೆ.

ಕಾರ್ವರ್ ನಗುತ್ತಿದ್ದವರು ನಗು ನಿಲ್ಲಿಸಿದರು. "ಹೇಳಿಕೊಟ್ಟರೆ ಕಲಿಯುವ ಹುಡುಗಿಯೇ? ಕೋಚ್ ಮಾತು ಕೇಳುತ್ತಾಳೆಯೇ?"

"ಯಾರು, ಇವಳಾ?" ಇವರು ಗಟ್ಟಿಯಾಗಿ ನಕ್ಕರು. "ಹೆತ್ತವರ ಮಾತೇ ಕೇಳಲ್ಲ, ಮೇಡಂ!"

ನಾನು ಮೇಜಿನ ಕೆಳಗೆ ಇವರ ಕಾಲಿಗೆ ಒದ್ದೆ. ಇವರು ಕಾಲನ್ನು ಪಕ್ಕಕ್ಕೆ ಸರಿಸಿಕೊಂಡರು. ನನ್ನ ಹರಕು ಇಂಗ್ಲಿಷಿನಲ್ಲಿ ನಾನೇ ಬಾಯಿ ಹಾಕಿದೆ: ಸುಮ್ಮನೆ ಹೇಳ್ತಾರೆ ಮೇಡಂ, ಹಾಗೇನಿಲ್ಲ, ತುಂಬಾ ಒಳ್ಳೆ ಹುಡುಗಿ. ಆಕೆ ಇವರ ಮುಖ ನೋಡಿದರು. ಇವರಿಗೆ ಆಟ ರಂಗೇರಿಬಿಟ್ಟಿತ್ತು. "ತಾಯಿ ಅಲ್ವಾ ಮೇಡಂ, ಹಾಗೇ ಹೇಳ್ತಾಳೆ. ಬೇಕಾದ್ರೆ ಹುಡುಗೀನೇ ಕೇಳಿ" ಅಂದರು.

ಪೂರ್ವಿ ನೀರಿನ ಲೋಟ ಹಿಡಿದುಕೊಂಡು ಸೋಫಾದ ತುದಿಯಲ್ಲಿ ಕೂತಿದ್ದಳು. ತಲೆ ಎತ್ತಲಿಲ್ಲ.

"ಅವಳು ನಮ್ಮಲ್ಲಿಗೆ ಬರುವುದು ನಿಮಗೆ ಇಷ್ಟವೇ?" ಕಾರ್ವರ್ ನೇರವಾಗಿ ಕೇಳಿದರು.

"ಅಯ್ಯೋ ಬೇಡ ಮೇಡಂ, ನಿಮಗ್ಯಾಕೆ ಈ ತಲೆನೋವು" ಎಂದು ಇವರು ಕೈ ಜೋಡಿಸಿ, ಮುಗುಳ್ನಗುತ್ತಾ ಕಾದರು. ಈಗ ಆಕೆ "ತಲೆನೋವೇನು ಬಂತು, ಚಿನ್ನದಂಥ ಹುಡುಗಿ" ಅನ್ನಬೇಕಿತ್ತು. ಆಕೆ "ಸರಿ, ಅರ್ಥವಾಯಿತು" ಅಂದರು. ಎದ್ದು, ತಿಂಡಿ ಕಾಫಿಗೆಲ್ಲ ಥ್ಯಾಂಕ್ಸ್ ಹೇಳಿ, ನಾಳೆ ಬೆಳಿಗ್ಗೆ ಸ್ಕೂಲಿನ ಜಿಮ್ಮಿನಲ್ಲಿ ಪೂರ್ವಿಯನ್ನು ಇನ್ನೊಮ್ಮೆ ನೋಡಿಕೊಂಡು ಊರಿಗೆ ಹೊರಡುತ್ತೇನೆ ಅಂದು ಹೋದರು.

ಕಾರು ತಿರುವು ದಾಟುವುದಕ್ಕೂ ನಾನು ಕಾಯಲಿಲ್ಲ. "ಬುದ್ಧಿ ಗಿದ್ಧಿ ಇದೆಯೇನ್ರೀ ನಿಮಗೆ? ಏನ್ ಮಾತಾಡ್ಬಿಟ್ರಿ ಅದು!"

"ನಿಂಗೊತ್ತಾಗಲ್ಲ ಸುಮ್ನಿರೇ. ಅಷ್ಟು ದೂರದಿಂದ ಬಂದೋರ ಮುಂದೆ ನಮ್ಮ ಹುಡುಗೀನ ನಾವೇ ಹೊಗಳ್ಕೊಂಡು ಕೂತ್ಕೊಳ್ಳೋಕಾಗುತ್ತಾ? ಆಟ ಅವರೇ ಕಣ್ಣಾರೆ ನೋಡಿಲ್ವಾ? ಸೀಟು ಗ್ಯಾರಂಟಿ, ಬರೆದಿಟ್ಕೋ."

ಪೂರ್ವಿ ತಟ್ಟೆಗಳನ್ನೆಲ್ಲ ಸಿಂಕಿಗೆ ಹಾಕಿ ರೂಮಿಗೆ ಹೋದಳು. ಮರುದಿನ ಜಿಮ್ಮಿನಿಂದ ಬಂದಾಗ ಹೇಗಾಯಿತು ಅಂತ ಕೇಳಿದೆ. "ಫೈನ್" ಅಂದಳು. ಅವಳಿಗೆ ಎಲ್ಲವೂ ಫೈನೇ, ಜ್ವರ ಬಂದರೂ ಫೈನೇ, ಹಾಗಾಗಿ ನಾನೂ ಬಿಟ್ಟೆ.

ಇವರು ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದರು. ಲೈಬ್ರರಿಯಿಂದ ಅಮೆರಿಕದ ಮ್ಯಾಪು ತಂದರು. ಕ್ಯಾನ್ಸಸ್‌ನಲ್ಲಿ ಹಿಮ ಬೀಳುತ್ತೆ ಕಣೇ, ಅಂತ ಮಾನುಕಾವಿನ ಮಾಲಿನಲ್ಲಿ ದಪ್ಪನೆಯ ಜಾಕೆಟ್ಟು ನೋಡಿಟ್ಟು ಬಂದರು. ಅಲ್ಲಿ ಅನ್ನ ಸಿಗುತ್ತೋ ಇಲ್ಲವೋ ಅಂತ ಪುಳಿಯೋಗರೆ ಗೊಜ್ಜಿನ ಮಾತೂ ಬಂತು. ರಾಯರ ಪೂಜೆಗೂ ಒಂದು ಗುರುವಾರ ಗೊತ್ತು ಮಾಡಿದರು. ಶೆಡ್ಡಿನಲ್ಲಿ ಜೊತೆಯವರು ಕೇಳಿದರೆ ಮಾತ್ರ, "ಅಯ್ಯೋ, ಇವಳನ್ಯಾರು ತಗೋತಾರೆ" ಅನ್ನುತ್ತಿದ್ದರಂತೆ.

ವಾರಗಳು ಕಳೆದವು. ಫೋನು ಬರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹೇನಿ ತನ್ನ ಪಿಕಪ್ ಗಾಡಿ ಓಡಿಸಿಕೊಂಡು ಬಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದಳು. ಒಳಗೆ ಕರೆದರೆ ಬರಲಿಲ್ಲ. ಪೂರ್ವಿ ಇದ್ದಾಳಾ ಅಂತ ಕೇಳಿ, ಇಲ್ಲ ಅಂದಮೇಲೆ ಮಾತಾಡಿದಳು. ಕಾರ್ವರ್ ಆ ಜಾಗಕ್ಕೆ ಇಲ್ಲೇ ಹ್ಯಾಮಿಲ್ಟನ್ನಿನ ಬೇರೆ ಹುಡುಗಿಯನ್ನು ತೆಗೆದುಕೊಂಡಿದ್ದಾರೆ, ನಮ್ಮ ಮನೆಯಲ್ಲಿ ನಡೆದದ್ದನ್ನೂ ಅವಳಿಗೆ ಹೇಳಿದ್ದಾರೆ.

"ನಾನು ಇಷ್ಟು ವರ್ಷ ಹುಡುಗಿಯರಿಗೆ ಆಟ ಕಲಿಸಿದ್ದೇನೆ, ಮಿಸ್ಟರ್ ಚಂದ್ರಮೌಳಿ" ಎಂದಳು. "ಮಗಳ ವಿರುದ್ಧ ಸಾಕ್ಷಿ ಹೇಳಿದ ಅಪ್ಪನನ್ನು ನೋಡಿದ್ದು ಇದೇ ಮೊದಲು. ಅವಳನ್ನು ಕಳಿಸುವುದು ನಿಮಗೆ ಇಷ್ಟವಿಲ್ಲದಿದ್ದರೆ ನನಗೆ ನೇರವಾಗಿ ಹೇಳಬಹುದಿತ್ತು."

ಅವಳು ಹೋದಮೇಲೆ ಇವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಒಂದ್ಸಲ ಅಲ್ಲ ಅನ್ನಬಾರದಾಗಿತ್ತಾ ಆಯಮ್ಮ?" ಅಂದರು. "ಒಂದೇ ಒಂದ್ಸಲ, ವಸಂತಾ. ಹಾಗೆಲ್ಲ ಇರಲ್ಲ ಬಿಡಿ ಅಂದಿದ್ರೆ ನಾನು ಎಲ್ಲಾ ಹೇಳ್ತಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮಗಳ ಬಾಯಿಗೆ ಮಣ್ಣು ಹಾಕಿದಿರಿ ಅಂದೆ. ಗಂಡ ಎನ್ನುವ ಪ್ರಾಣಿ ಹಾಗೆ ತಲೆ ತಗ್ಗಿಸಿ ಕೂತರೆ ಬೈಯುವವಳಿಗೂ ಸಂಕಟವಾಗುತ್ತದೆ. ನಾನೂ ಪಕ್ಕದಲ್ಲಿ ಕೂತು ಅತ್ತೆ.

ಮರುವಾರ ರಜೆ ಹಾಕಿ, ಪೂರ್ವಿ ಸ್ಕೂಲಿಗೆ ಹೋದಮೇಲೆ, ಹೇನಿಯಿಂದ ನಂಬರು ಇಸಕೊಂಡು ಅಮೆರಿಕಕ್ಕೆ ಫೋನ್ ಹಚ್ಚಿದರು. ಆಕೆಯ ಉಚ್ಚಾರಣೆ ತಿಳಿಯದಿದ್ದರೆ ನಾನಾದರೂ ಕೇಳಿಸಿಕೊಳ್ಳಲಿ ಎಂದು ಸ್ಪೀಕರ್ ಹಾಕಿದರು. ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು, ನಿಂತುಕೊಂಡೇ ಮಾತಾಡಿದರು.

"ಮೇಡಂ, ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು. ನಮ್ಮಲ್ಲಿ ಹಾಗೆ ಹೇಳುವುದು ವಾಡಿಕೆ. ದಯವಿಟ್ಟು ಕೇಳಿ. ಚಳಿಗಾಲದಲ್ಲಿ ನಾನು ಬೆಳಗಿನ ಶಿಫ್ಟಿಗೆ ಹೊರಡುವಾಗ ನನಗಿಂತ ಮುಂಚೆ ಎದ್ದು ಅವಳು ಶೂ ಕಟ್ಟಿಕೊಳ್ಳುತ್ತಿರುತ್ತಾಳೆ. ಹೆಬ್ಬೆರಳಿನ ಮೂಳೆ ಬಿರುಕು ಬಿಟ್ಟಾಗ ಟೇಪು ಸುತ್ತಿಕೊಂಡು ಆಡಿದಳು, ನಮಗೆ ಹೇಳಲಿಲ್ಲ. ಊಟಕ್ಕೆ ಕೂತಾಗ ಚಪಾತಿ ಹರಿಯಲು ಆಗಲಿಲ್ಲ, ಆಗ ಗೊತ್ತಾಯಿತು. ಸೋತ ದಿನ ಟೀಮಿನವರಿಗೆಲ್ಲ ಅವಳೇ ಸಮಾಧಾನ ಹೇಳುತ್ತಾಳೆ. ಮನೆಗೆ ಬಂದು, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ನಮಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾಳೆ. ನನಗೆ ಕೇಳಿಸುತ್ತದೆ, ಮೇಡಂ. ಅಂಥ ಹುಡುಗಿಯನ್ನು ನಾನು ಎಲ್ಲೂ ನೋಡಿಲ್ಲ."

ಇವರಿಗೆ ಇದೆಲ್ಲ ಗೊತ್ತಿತ್ತೇ! ಇಷ್ಟು ವರ್ಷ ಜೊತೆಗೆ ಬಾಳಿದ ನನಗೂ ಒಂದು ಸಲ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ, ಮಹಾರಾಯ. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಎರಡು ಬಾರಿಸಬೇಕು ಅಂತಲೂ ಅನ್ನಿಸಿತು.

ಆ ಕಡೆಯಿಂದ ಕಾರ್ವರ್ ನಿಧಾನವಾಗಿ, ನಮಗೆ ತಿಳಿಯಲಿ ಎಂದು ಬಿಡಿಸಿ ಬಿಡಿಸಿ ಹೇಳಿದರು. ಜಾಗ ತುಂಬಿಹೋಗಿದೆ, ಆ ಹುಡುಗಿಗೆ ಮಾತು ಕೊಟ್ಟಾಗಿದೆ. ತಮಗೂ ಬೇಸರವೇ.

"ನಾನು ನಿಮ್ಮ ಮಾತೊಂದನ್ನೇ ನಂಬಿ ಬಿಡಲಿಲ್ಲ, ಸರ್. ಅವಳ ಆಟ ನನಗೆ ಅಷ್ಟು ಹಿಡಿಸಿತ್ತು. ಮರುದಿನ ಜಿಮ್ಮಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. ನಿಮ್ಮ ತಂದೆ ಹೇಳಿದ್ದು ನಿಜವೇ? ನೀನು ಅಲ್ಲ ಅನ್ನು, ನಾನು ನಿನ್ನ ಮಾತನ್ನೇ ನಂಬುತ್ತೇನೆ ಅಂದೆ."

"ಏನಂದಳು?"

"ಅಪ್ಪನಿಗೆ ನಾನು ಚೆನ್ನಾಗಿ ಗೊತ್ತು, ಅವರು ಹೇಳಿದ್ದು ಸರಿಯೇ ಇರಬೇಕು ಅಂದಳು."

ಇವರು ಥ್ಯಾಂಕ್ಯೂ ಮೇಡಂ ಅಂದರು. ಇನ್ನೊಂದು ಸಲ ಥ್ಯಾಂಕ್ಯೂ ಅಂದು ಫೋನ್ ಇಟ್ಟರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಾನೂ ಬಲವಂತ ಮಾಡಲಿಲ್ಲ.

ಸಂಜೆ ಪೂರ್ವಿ ಬಂದಳು. ಬ್ಯಾಗು ಇಳಿಸಿ ಫ್ರಿಜ್ಜಿನ ಬಾಗಿಲು ತೆಗೆದಳು. ಇವರು ಹಾಲ್‌ನಿಂದ ಎದ್ದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಕೇಳಲು ಇವರ ಕೈಯಲ್ಲಿ ಆಗುತ್ತಿಲ್ಲ ಅಂತ ನನಗೆ ತಿಳಿಯಿತು. ನಾನೇ ಕೇಳಿದೆ.

"ಪುಟ್ಟಿ, ಆ ಕೋಚು ನಿನ್ನನ್ನೇ ಕೇಳಿದ್ರಂತಲ್ಲೇ. ಅಪ್ಪ ಹೇಳಿದ್ದೆಲ್ಲ ಸುಳ್ಳು ಅಂತ ಯಾಕೆ ಅನ್ನಲಿಲ್ಲ? ಅಪ್ಪ ದಿನಾ ಹಾಗೇ ಬೈತಾರೆ, ನಿಂಗೊತ್ತಿಲ್ವಾ?"

ಅವಳು ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಕನ್ನಡದಲ್ಲೇ ಹೇಳಲು ನೋಡಿದಳು, ಒಂದೊಂದೇ ಮಾತು ಹುಡುಕಿಕೊಂಡು.

"ಮನೇಲಿ ಬೈಯೋದು ಗೊತ್ತಮ್ಮ. ಕತ್ತೆ, ಸೋಮಾರಿ, ಅದೆಲ್ಲ ಸುಮ್ನೆ. ದಟ್ಸ್ ಜಸ್ಟ್ ಡ್ಯಾಡ್. ಆದ್ರೆ ಅವತ್ತು ಇಂಗ್ಲಿಷಲ್ಲಿ ಹೇಳಿದ್ರು. ಅಪ್ಪ ಇಂಗ್ಲಿಷಲ್ಲಿ ಬರೀ ಬಾಸ್ ಹತ್ರ ಮಾತಾಡ್ತಾರೆ, ಬ್ಯಾಂಕಲ್ಲಿ, ಇಮಿಗ್ರೇಶನ್‌ನಲ್ಲಿ. ಅಲ್ಲಿ ಜೋಕ್ ಮಾಡಲ್ಲ. ಸುಳ್ಳು ಹೇಳಲ್ಲ. ಸೋ... ನಿಜ ಅಂದ್ಕೊಂಡೆ. ಅಪ್ಪ ನಿಜವಾಗ್ಲೂ ನನ್ನ ಬಗ್ಗೆ ಅಂದ್ಕೊಂಡಿರೋದು ಅದೇ ಅಂತ."

ಬಾಗಿಲಲ್ಲಿ ನಿಂತ ಇವರ ಕಡೆ ನೋಡಿದೆ. ಈಗಲಾದರೂ ಹೇಳಿ, ಬೆಳಿಗ್ಗೆ ಆ ಪರದೇಶದವಳಿಗೆ ಹೇಳಿದಿರಲ್ಲ, ಅದನ್ನೇ ಈ ಮಗುವಿಗೆ ಹೇಳಿ ಅಂತ ಕಣ್ಣಲ್ಲೇ ಬೇಡಿಕೊಂಡೆ.

ಇವರು ಎರಡು ಹೆಜ್ಜೆ ಒಳಗೆ ಬಂದರು. "ಪೂರ್ವಿ" ಅಂದರು. ಕನ್ನಡದಲ್ಲಿ ಹೆತ್ತ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಹೊಗಳುವ ಮಾತು ಇವರಿಗೆ ಒಂದೂ ಬರುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಬ್ಯಾಂಕಿನ ಮ್ಯಾನೇಜರನ ಮುಂದೆ ನಿಲ್ಲುವ ಹಾಗೆ ನೆಟ್ಟಗೆ ನಿಂತು, ಇಂಗ್ಲಿಷಿನಲ್ಲಿ ಹೇಳಿದರು.

"ಯೂ ಆರ್ ಎ ವೆರಿ ಗುಡ್ ಪ್ಲೇಯರ್."

ಪೂರ್ವಿ ಇವರನ್ನು ಒಂದು ಗಳಿಗೆ ನೋಡಿದಳು. ಟವೆಲು ಎಸೆಯಲಿಲ್ಲ, ನಗಲಿಲ್ಲ. ಮನೆಗೆ ಬಂದ ಯಾರೋ ಅಂಕಲ್‌ಗೆ ಹೇಳುವ ಹಾಗೆ ಬಹಳ ಮರ್ಯಾದೆಯಿಂದ, "ಥ್ಯಾಂಕ್ಯೂ" ಎಂದಳು.